ಮನೆಯ ಮುಂಭಾಗಕ್ಕೆ ನಕಲಿ ಕಲ್ಲು ಸಾಕೇ, ಅಸಲಿ ಕಲ್ಲೇ ಬೇಕೇ?

ಇದೇ ಪ್ರಶ್ನೆಯನ್ನು ಒಂಬತ್ತು ವರ್ಷಗಳ ಹಿಂದೆ ನಾನೂ ಕೇಳಿದ್ದೆ. ಕಲ್ಲಿನ ಗೋಡೆಯ ಆಸೆಯನ್ನು ಬಿಡಲಾರದೆ, ಅಸಲಿ ಕಲ್ಲಿನ ಖರ್ಚನ್ನೂ ಹೊರಲಾರದೆ, ಸಿಮೆಂಟಿಗೆ ಬಣ್ಣ ಬೆರೆಸಿ ಅಚ್ಚಿನಲ್ಲಿ ಎರೆದ, ಕಲ್ಲಿನಂತೆ ಕಾಣುವ ಬಿಲ್ಲೆಗಳನ್ನು ಮುಂಗೋಡೆಗೆ ಪ್ಯಾರಾಪೆಟ್ಟಿನವರೆಗೂ (ತಾರಸಿಯ ಅಂಚಿನ ಕಿರುಗೋಡೆಯವರೆಗೂ) ಹಚ್ಚಿಸಿದೆ. ಎರಡು ಮಳೆಗಾಲ ಚೆನ್ನಾಗಿಯೇ ಕಳೆದವು. ಮೂರನೆಯ ಮಳೆಗಾಲದ ನಂತರ ಸಂದುಗಳಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡಿತು, ಒಳಗೋಡೆಯ ಬಣ್ಣ ಉಬ್ಬಿತು, ಕೊನೆಗೊಂದು ಬೆಳಿಗ್ಗೆ ಬಾಗಿಲ ಮೇಲಿನ ಎರಡು ಬಿಲ್ಲೆಗಳು ಮೆಟ್ಟಿಲ ಮೇಲೆ ಬಿದ್ದು ಒಡೆದಿದ್ದವು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

ಬಿದ್ದ ತುಂಡುಗಳನ್ನು ಮಗುಚಿ ಜೋಡಿಸಿ ನೋಡಿದಾಗ ತಪ್ಪು ಎದುರಿಗೇ ಇತ್ತು. ಪ್ರತಿ ಬಿಲ್ಲೆಯ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಅಂಟಿನ 5 ಮುದ್ದೆಗಳು ಮಾತ್ರ ಇದ್ದವು, ಉಳಿದದ್ದು ಬರಿದು. ಹೀಗೆ ಮಾಡಿದರೆ ಗೋಡೆಯ ಏರುತಗ್ಗು ಸರಿಹೋಗುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ ಎಂದು ಮೇಸ್ತ್ರಿ ಹೇಳಿದಾಗ ಒಪ್ಪಿಕೊಂಡವನು ನಾನೇ. ಪ್ಯಾರಾಪೆಟ್ಟಿನ ತಲೆಯಿಂದ ಸಂದಿಗಿಳಿದ ಮಳೆನೀರು ಆ ಮುದ್ದೆಗಳ ನಡುವಿನ ಟೊಳ್ಳುಗಳಲ್ಲಿ ನಿಂತಿತು. ಅದಕ್ಕೆ ಹೊರದಾರಿಯಿರಲಿಲ್ಲವಾದ್ದರಿಂದ ಇಟ್ಟಿಗೆಯತ್ತ ಇಂಗಿತು. ಸಿಮೆಂಟಿನ ಲವಣಗಳನ್ನು ಕರಗಿಸಿಕೊಂಡ ನೀರು ಆರಿದಾಗ, ಹರಳುಗಟ್ಟಿದ ಲವಣ ಅಂಟನ್ನೇ ಹಿಂದಿನಿಂದ ನೂಕತೊಡಗಿತು. ಇದರ ಜೊತೆಗೆ ಬಿಸಿಲಿಗೆ ಬಿಲ್ಲೆ ಹಿಗ್ಗಿ ರಾತ್ರಿ ಕುಗ್ಗುವಾಗಿನ ಎಳೆತವೆಲ್ಲ ಇಡೀ ಬೆನ್ನಿಗೆ ಹಂಚಿಹೋಗದೆ ಆ ಐದೇ ಮುದ್ದೆಗಳ ಮೇಲೆ ಬಿತ್ತು. ಹಿಂದೆ ಗಾಳಿಯಾಡುವ ಜಾಗ ಬಿಟ್ಟು, ಲೋಹದ ಕೊಕ್ಕೆಗಳಿಂದ ಕಲ್ಲನ್ನು ನಿಲ್ಲಿಸುವ ಒಳ್ಳೆಯ ಪದ್ಧತಿಯೊಂದಿದೆ. ಅಲ್ಲಿ ನೀರು ಕೆಳಗೆ ಹರಿದು ಹೊರಬೀಳುತ್ತದೆ. ಬೆನ್ನಿನಲ್ಲಿ ಟೊಳ್ಳು ಉಳಿಯದಂತೆ ಪೂರ್ತಿ ಅಂಟಿಸುವುದು ಇನ್ನೊಂದು ಪದ್ಧತಿ. ನಾನು ಮಾಡಿಸಿದ್ದು ಎರಡೂ ಅಲ್ಲ.

ಆದ್ದರಿಂದ ಅಸಲಿಯೋ ನಕಲಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೆರಳು ದಪ್ಪದ ಅಸಲಿ ಗ್ರಾನೈಟನ್ನು ಮುದ್ದೆ ಹಾಕಿ ಅಂಟಿಸಿದರೆ ಅದೂ ಬೀಳುತ್ತದೆ. ಭಾರ ಹೆಚ್ಚಾದ್ದರಿಂದ ಅಪಾಯವೂ ಹೆಚ್ಚು. ನಕಲು ಮೋಸವಲ್ಲವೇ ಎಂದೂ ಕೇಳಿದ್ದೀರಿ. ಇಟ್ಟಿಗೆಗೆ ಗಾರೆ ಬಳಿದು ಅದರಲ್ಲಿ ಕಲ್ಲಿನ ಸಂದುಗಳಂತೆ ಗೀರುವುದು ಸುಳ್ಳು, ಆದರೆ ಅದೇ ಗಾರೆಯ ಮೇಲೆ ಚಿತ್ರ ಬರೆಯುವುದು ಸುಳ್ಳಲ್ಲ ಎಂದು ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್ 1849ರಲ್ಲೇ ವಾದಿಸಿದ್ದರು. ಹೊದಿಕೆ ತಾನು ಹೊದಿಸಿದ ವಸ್ತುವಿನಂತೆಯೇ ಕಂಡು ಗೊಂದಲ ಹುಟ್ಟಿಸಬಾರದು ಎಂದು ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1898ರಲ್ಲಿ ಬರೆದರು. ಹೊದಿಕೆಯನ್ನು ಇವರಿಬ್ಬರೂ ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಿ. ನನ್ನ ಮಟ್ಟಿಗೆ, ಚೆನ್ನಾಗಿ ಬಳಿದ ಗಾರೆಯ ಗೋಡೆಗೆ ಕಲ್ಲಿನ ವೇಷ ಬೇಕಿಲ್ಲ.

ನಾನು ಬಿಲ್ಲೆಗಳನ್ನೆಲ್ಲ ಕೀಳಿಸಿ ಗಾರೆ ಮಾಡಿಸಿದೆ. ಪ್ಯಾರಾಪೆಟ್ಟಿನ ತಲೆಗೆ ಗೋಡೆಯಿಂದ ಸ್ವಲ್ಪ ಮುಂದೆ ಚಾಚಿದ ಕಲ್ಲು ಹಾಸಿಸಿ, ನೀರು ಗೋಡೆಗೆ ತಾಗದೆ ತೊಟ್ಟಿಕ್ಕಲೆಂದು ಅದರ ಅಡಿಯಲ್ಲಿ ಉದ್ದಕ್ಕೂ ಸಣ್ಣ ತೋಡು ಕೊರೆಸಿದೆ. ನೀವು ಬಿಲ್ಲೆ ಹಚ್ಚಿಸಲೇಬೇಕೆಂದಿದ್ದರೆ ಮೊದಲು ಈ ತಲೆಯ ಕೆಲಸ ಮುಗಿಸಿ, ಹಳೆಯ ಬಣ್ಣವಿದ್ದರೆ ಕೆರೆಸಿ, ಅಂಚಿನಲ್ಲಿ ಹಲ್ಲುಗಳಿರುವ ಕರಣೆಯಿಂದ ಗೋಡೆಗೂ ಬಿಲ್ಲೆಯ ಬೆನ್ನಿಗೂ ಅಂಟು ಹಚ್ಚಿಸಿ. ಮೊದಲ ದಿನ, ಅಂಟು ಹಸಿಯಿರುವಾಗಲೇ, ಎದುರಿಗೆ ನಿಂತು ಒಂದು ಬಿಲ್ಲೆಯನ್ನು ಕೀಳಿಸಿ ನೋಡಿ. ಬೆನ್ನಿನ ಮೇಲೆ ಎಲ್ಲಾದರೂ ಬರಿ ಜಾಗ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.