ಉಸಿರಿಲ್ಲದೆ ಆಮೆ ಬದುಕುವ ಬಗೆ

ಪ್ರಶ್ನೆ: ಆಮ್ಲಜನಕ ನಿಂತರೆ ನಮ್ಮ ಮಿದುಳು ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ. ಕೆಲವು ಆಮೆಗಳು ಹೆಪ್ಪುಗಟ್ಟಿದ ಕೆರೆಯಡಿ ತಿಂಗಳುಗಟ್ಟಲೆ ಹೇಗೆ ಬದುಕುತ್ತವೆ?

ಉತ್ತರ: ಆಮ್ಲಜನಕವಿದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿ ಅಣುಗಳು ಸುಮಾರು 30 ಸಿಗುತ್ತವೆ, ಇಲ್ಲದಿದ್ದರೆ ಬರೀ 2. ಕೊರತೆಗಿಂತ ಕೆಟ್ಟದ್ದು ಇನ್ನೊಂದಿದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದಲ್ಲಿ ಎಟಿಪಿ ತಯಾರಿಸಬೇಕಾದ ಎಟಿಪಿ ಸಿಂಥೇಸ್ ಕಿಣ್ವವೇ ಹಿಮ್ಮುಖವಾಗಿ ತಿರುಗಿ, ಒಳಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸ ಉಳಿಸಲು ಇದ್ದಬದ್ದ ಎಟಿಪಿಯನ್ನು ಒಡೆಯತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಐಎಫ್1 ಎಂಬ ಪ್ರೋಟೀನ್ ಇದನ್ನು ತಡೆಯುತ್ತದೆ. ಅದು ನಮ್ಮಲ್ಲೂ ಇದೆ, ಆದರೆ ಸಾಲದು.

ಉತ್ತರ ಅಮೆರಿಕದ ಸಿಹಿನೀರಿನ ಆಮೆಗಳು ಈ ಕಿಣ್ವವನ್ನು ಬಹುಮಟ್ಟಿಗೆ ಅದುಮಿಡುತ್ತವೆ. ಮಿದುಳು, ಹೃದಯಗಳ ಖರ್ಚನ್ನೂ ತೀರಾ ತಗ್ಗಿಸುತ್ತವೆ. ಸುಮಾರು 3 ಡಿಗ್ರಿ ಸೆಲ್ಸಿಯಸ್‌ನ ನೀರಿನ ತಂಪೂ ಇದಕ್ಕೆ ನೆರವು. ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆದಾಗ ಶೇಖರವಾಗುವ ಲ್ಯಾಕ್ಟಿಕ್ ಆಮ್ಲದ ಹುಳಿಯನ್ನು ಚಿಪ್ಪಿನ ಕಾರ್ಬೊನೇಟ್ ಇಳಿಸುತ್ತದೆ.

ಹೀಗೆಯೇ ಆಮ್ಲಜನಕವಿಲ್ಲದೆ ಬದುಕಬಲ್ಲ ಕ್ರೂಷಿಯನ್ ಕಾರ್ಪ್ ಮೀನಿನದು ವಿಚಿತ್ರ ಉಪಾಯ: ಅದರ ಸ್ನಾಯುಗಳು ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿಸುತ್ತವೆ, ಕಿವಿರುಗಳು ಅದನ್ನು ನೀರಿಗೆ ಬಿಡುತ್ತವೆ.

ಆಮ್ಲಜನಕ ಮರಳುವ ಕ್ಷಣವೂ ಅಪಾಯದ್ದೇ. ನಮ್ಮ ಜೀವಕೋಶಗಳಲ್ಲಿ ಆ ಹೊತ್ತಿಗೆ ಕೂಡಿಬಿದ್ದ ಸಕ್ಸಿನೇಟ್ ಎಂಬ ರಾಸಾಯನಿಕ ದಿಢೀರನೆ ಉರಿದು ಹಾನಿಕರ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಆಮೆಯ ಹೃದಯದಲ್ಲಿ ಸಕ್ಸಿನೇಟ್ ಅಷ್ಟಾಗಿ ಕೂಡಿಬೀಳುವುದಿಲ್ಲ.