ಸಾವಿನ್ ಹಬ್ಬಕ್ಕೆ ಪಕ್ಕದ ಮನೆಯವರು ಕರೆದಿದ್ದಾರೆ, ಹೋಗಬಹುದಾ?

ನೀವು ಕೇಳಿರುವುದು ಇಷ್ಟು: ಐರ್ಲೆಂಡಿಗೆ ಬಂದು ಮೂರು ತಿಂಗಳಾಗಿದೆ. ಅಕ್ಟೋಬರ್ 31ರ ರಾತ್ರಿ ‘ಸಮ್‌ಹೈನ್’ ಹಬ್ಬ ಅಂತ ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದಾರೆ. ಇದು ಹ್ಯಾಲೋವೀನೇ ತಾನೆ? ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಹೆದರುತ್ತಾಳಾ? ಹೋಗಬಹುದಾ? ಏನು ತೆಗೆದುಕೊಂಡು ಹೋಗಬೇಕು?

ಹೋಗಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಹೆಸರು. ಇಂಗ್ಲಿಷ್ ಅಕ್ಷರ ನೋಡಿ ಸಮ್‌ಹೈನ್ ಅಂದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಸಾವಿನ್. ಹೌದು, ನಮ್ಮ ಕಿವಿಗೆ ‘ಸಾವಿನ’ ಅಂತಲೇ ಬೀಳುತ್ತದೆ. ಮೊದಲ ವರ್ಷ ನಾನು ಅತ್ತೆಗೆ ಫೋನ್ ಮಾಡಿ ‘ಇವತ್ತು ಇಲ್ಲಿ ಸಾವಿನ್ ಹಬ್ಬ’ ಅಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಪದದ ಅರ್ಥ ಅದಲ್ಲ. ‘ಬೇಸಿಗೆ ಮುಗಿಯಿತು’ ಎನ್ನುವುದು ಹಿಂದಿನಿಂದ ಹೇಳಿಕೊಂಡು ಬಂದ ಅರ್ಥ. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೂ ಇದೇ ಹೆಸರು. ಸಾವಿನ್ ಅಂತ ಒಬ್ಬ ಸಾವಿನ ದೇವರಿದ್ದ ಎಂದು ಅಂತರ್ಜಾಲದಲ್ಲಿ ಅಲ್ಲಲ್ಲಿ ಬರೆದಿರುತ್ತಾರೆ. ಅದು ಸುಳ್ಳು, ಬಿಟ್ಟುಬಿಡಿ.

ಹ್ಯಾಲೋವೀನ್ ಬೆಳೆದದ್ದು ಈ ಹಬ್ಬದ ಮೇಲೆಯೇ. ಐರಿಷ್ ಜನ, ಸ್ಕಾಟ್ ಜನ ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದರು. ಹಬ್ಬವೂ ಜೊತೆಗೆ ಹೋಯಿತು. ಅಲ್ಲಿ ಕುಂಬಳಕಾಯಿ ಸಿಕ್ಕಿತು, ಪ್ಲಾಸ್ಟಿಕ್ ಅಸ್ಥಿಪಂಜರ ಸಿಕ್ಕಿತು, ಹಾಗೇ ವಾಪಸು ಬಂತು. ಇಲ್ಲಿ ಮೊದಲು ಮುಖ ಕೊರೆದು ಒಳಗೆ ದೀಪ ಇಡುತ್ತಿದ್ದದ್ದು ಕುಂಬಳಕಾಯಿಗಲ್ಲ, ಟರ್ನಿಪ್ ಗಡ್ಡೆಗೆ. ಮೇಯೋ ಕೌಂಟಿಯಲ್ಲಿ ಕಾಸಲ್‌ಬಾರ್ ಊರಿನ ಹತ್ತಿರ ಹಳ್ಳಿ ಬದುಕಿನ ರಾಷ್ಟ್ರೀಯ ಮ್ಯೂಸಿಯಂ ಇದೆ. ಅಲ್ಲಿ ಡೊನೆಗಾಲ್ ಕಡೆಯ ಹಳೇ ಟರ್ನಿಪ್ ಮುಖದ ಅಚ್ಚು ಇಟ್ಟಿದ್ದಾರೆ. ಹಲ್ಲು ಕಿರಿದುಕೊಂಡು, ಕಣ್ಣು ಬತ್ತಿ, ಒಣಗಿಹೋದ ಮುದುಕನ ತಲೆಯ ಹಾಗಿದೆ. ಅದರ ಮುಂದೆ ಕುಂಬಳಕಾಯಿ ಪಾಪದ್ದು. ನಾನೂ ಒಂದು ವರ್ಷ ಟರ್ನಿಪ್ ಕೊರೆಯಲು ಕೂತೆ. ಕಲ್ಲಿನಷ್ಟು ಗಟ್ಟಿ. ಎರಡು ಚಮಚ ಸೊಟ್ಟಗಾದವು, ಹೆಬ್ಬೆರಳಿಗೆ ಬ್ಯಾಂಡೇಜ್ ಬಂತು.

ನಾವಿರುವುದು ಮೀಥ್ ಕೌಂಟಿಯ ನಾವನ್‌ನಲ್ಲಿ. ಈ ಹಬ್ಬದ ತವರುಮನೆಯೇ ಈ ಸೀಮೆ ಅನ್ನಬಹುದು. ಇಲ್ಲಿಂದ ಅರ್ಧ ಗಂಟೆ ದಾರಿಯಲ್ಲಿ ಆತ್‌ಬಾಯ್ ಅಂತ ಊರು. ಅದರ ಪಕ್ಕ ಹಿಲ್ ಆಫ್ ವಾರ್ಡ್ ಅನ್ನುವ ದಿಣ್ಣೆ, ಐರಿಷ್ ಹೆಸರು ಟ್ಲಾಕ್ಟ್‌ಗಾ. ಸಾವಿನ್ ರಾತ್ರಿ ನಾಡಿನ ಎಲ್ಲ ಮನೆಯ ಒಲೆ ಆರಿಸಿ, ಈ ದಿಣ್ಣೆಯ ಮೇಲೆ ಹೊತ್ತಿಸಿದ ದೊಡ್ಡ ಬೆಂಕಿಯಿಂದಲೇ ಮತ್ತೆ ಒಲೆ ಹಚ್ಚುತ್ತಿದ್ದರು ಎಂದು 17ನೇ ಶತಮಾನದ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿಟ್ಟಿದ್ದಾನೆ. ಅವನೇನೂ ಕಣ್ಣಾರೆ ಕಂಡವನಲ್ಲ, ಹಳೇ ಕಥೆಗಳನ್ನು ನಂಬಿ ಬರೆದದ್ದು. ಆದರೂ ಒಂದು ಚಳಿಗಾಲದ ಸಂಜೆ ಪಂಜು ಹಿಡಿದ ಜನರ ಜೊತೆ ಆ ಕಡೆ ನಡೆದುಕೊಂಡು ಹೋದರೆ ಆ ಮಾತು ಸುಳ್ಳು ಅನ್ನಿಸುವುದಿಲ್ಲ. ನಾವು ಒಮ್ಮೆ ಹೋಗಿದ್ದೆವು. ಕೆಸರು, ತುಂತುರು ಮಳೆ, ಹೊಗೆ, ಡೋಲಿನ ಸದ್ದು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ಮುಖಕ್ಕೆ ಮಸಿ ಬಳಿದುಕೊಂಡಿದ್ದ ಒಬ್ಬ ನಮ್ಮ ಹುಡುಗನ ಕಡೆ ಬಾಗಿ ಹೂಂಕರಿಸಿದ. ಇವನು ತಿರುಗಿ ಹೂಂಕರಿಸಿದ. ಬೆಳಗ್ಗೆ ನೋಡಿದರೆ ಆತ ನಮ್ಮ ಔಷಧಿ ಅಂಗಡಿಯವನು.

2019ರಿಂದ ಮೀಥ್‌ನಲ್ಲಿ ಪೂಕಾ ಅನ್ನುವ ಉತ್ಸವವನ್ನೂ ನಡೆಸುತ್ತಿದ್ದಾರೆ. ಪೂಕಾ ಅಂದರೆ ಇಲ್ಲಿನ ಜಾನಪದದ ಒಂದು ತುಂಟ ಭೂತ. ಸಾವಿನ್ ಕಳೆದ ಮೇಲೆ ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತು ತಿನ್ನಬಾರದು, ಪೂಕಾ ಅದನ್ನು ಕೆಡಿಸಿರುತ್ತಾನೆ ಎಂದು ಹಳಬರು ಹೇಳುತ್ತಾರೆ. ನವೆಂಬರ್ ಹೊತ್ತಿಗೆ ಆ ಹಣ್ಣು ಕೊಳೆತೇ ಇರುತ್ತದೆ, ಅದು ಬೇರೆ ವಿಷಯ.

ಉತ್ಸವಕ್ಕೆ ಟಿಕೆಟ್ಟು, ಜನಜಂಗುಳಿ ಎಲ್ಲ ಇರುತ್ತದೆ. ನಿಮ್ಮನ್ನು ಕರೆದಿರುವುದು ಮನೆಗೆ. ನನ್ನನ್ನು ಕೇಳಿದರೆ ಹಬ್ಬ ಇರುವುದು ಅಲ್ಲೇ, ಅದೂ ಬಾಗಿಲ ಹತ್ತಿರ.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡಿದ್ದಾರೆ. 31ರ ಸಂಜೆ ಅವರು ಮುಂಬಾಗಿಲ ಚಿಲಕ ಹಾಕುವುದಿಲ್ಲ, ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿಡುತ್ತಾರೆ. ಊಟದ ಮೇಜಿಗೆ ಒಂದು ಕುರ್ಚಿ, ಒಂದು ತಟ್ಟೆ ಹೆಚ್ಚಿಗೆ. ಆ ರಾತ್ರಿ ಮನೆಯ ಹಿರಿಯರು ಬಂದು ಹೋಗುತ್ತಾರೆ ಎನ್ನುವುದು ಹಳೇ ನಂಬಿಕೆ. ನೀವೇನು ನಂಬುತ್ತೀರಾ ಎಂದು ಒಮ್ಮೆ ಕೇಳಿಬಿಟ್ಟೆ. ‘ನಂಬೋದು ಬಿಡೋದು ಆಮೇಲೆ, ಅವನು ಬಂದರೆ ಬಾಗಿಲು ಹಾಕಿರಬಾರದಲ್ಲ’ ಅಂದರು.

ಕಳೆದ ವರ್ಷ ಅತ್ತೆ ತುಮಕೂರಿನಿಂದ ಬಂದಿದ್ದರು. ಖಾಲಿ ಕುರ್ಚಿ ನೋಡಿ ‘ಇನ್ಯಾರು ಬರಬೇಕು?’ ಎಂದು ಕೇಳಿದರು. ಹೇಳಿದೆ. ‘ಓ, ಎಡೆ ಇಟ್ಟಿದಾರೆ ಅನ್ನು’ ಎಂದು ಸುಮ್ಮನಾದರು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಅಭ್ಯಾಸವಿರುವವರಿಗೆ ಇದನ್ನು ವಿವರಿಸುವುದೇ ಬೇಡ. ಆದರೆ ಐದು ನಿಮಿಷ ಬಿಟ್ಟು ನನ್ನ ಕೈ ತಿವಿದರು. ‘ಇಲ್ಲಿ ಕಾಗೆ ಎಲ್ಲಿ? ಅದನ್ನ ಯಾರು ತಿಂತಾರೆ, ಕೇಳು.’ ಕೇಳಿದೆ. ಅಜ್ಜಿ ನಕ್ಕರು. ‘ಬೆಳಗ್ಗೆ ನಾನೇ ತಿನ್ನುತ್ತೇನೆ. ಅವನು ಬದುಕಿದ್ದಾಗಲೂ ಅರ್ಧ ಬಿಡುತ್ತಿದ್ದ.’

ಊಟದ ವಿಷಯ. ಕಾಲ್‌ಕ್ಯಾನನ್ ಇರುತ್ತದೆ. ಬೆಂದ ಆಲೂಗಡ್ಡೆ ಕಿವುಚಿ, ಅದಕ್ಕೆ ಕೇಲ್ ಸೊಪ್ಪು ಅಥವಾ ಎಲೆಕೋಸು, ಈರುಳ್ಳಿ ಹೂವಿನ ಸೊಪ್ಪು, ಹಾಲು ಸೇರಿಸಿ, ನಡುವೆ ಗುಂಡಿ ಮಾಡಿ ಬೆಣ್ಣೆ ತುಂಬುತ್ತಾರೆ. ಅಂಚಿನಿಂದ ತೆಗೆದು ಬೆಣ್ಣೆಗೆ ಅದ್ದಿ ತಿನ್ನಬೇಕು. ಮುದ್ದೆ ಗುಂಡಿಗೆ ಸಾರು ಹಾಕಿಕೊಂಡು ಬೆಳೆದವರಿಗೆ ಕೈ ತಾನಾಗೇ ಹೋಗುತ್ತದೆ. ಖಾರ ಗೀರ ಏನೂ ಇರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಜೊತೆಗೆ ಹಂದಿ ಮಾಂಸ ಇಡುವ ಮನೆಗಳೂ ಇವೆ. ನೀವು ತಿನ್ನದವರಾದರೆ ಮುಂಚೆಯೇ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆಮೇಲೆ ಬಾರ್ಮ್‌ಬ್ರ್ಯಾಕ್. ಒಣದ್ರಾಕ್ಷಿಯನ್ನು ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ ಮಾಡುವ ಸಿಹಿ ಬ್ರೆಡ್ಡು. ಮನೆಯಲ್ಲಿ ಮಾಡಿದ್ದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಬೇಡವಾದರೆ ಕೇಳಿಕೊಳ್ಳಿ. ಹಿಂದೆ ಇದರೊಳಗೆ ಉಂಗುರ, ಕಾಸು, ಬಟ್ಟೆ ಚೂರು, ಕಡ್ಡಿ, ಬಟಾಣಿ ಹುದುಗಿಸಿ ಬೇಯಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ. ಕಾಸಿಗೆ ದುಡ್ಡು, ಬಟ್ಟೆಗೆ ಬಡತನ. ಬಟಾಣಿ ಬಂದರೆ ಈ ವರ್ಷ ಮದುವೆ ಇಲ್ಲ. ಕಡ್ಡಿ ಸಿಕ್ಕವರಿಗೆ ಮದುವೆಯೇನೋ ಆಗುತ್ತದೆ, ಸುಖ ಇಲ್ಲ. ಈಗ ಅಂಗಡಿಯಲ್ಲಿ ಕೊಳ್ಳುವ ಬ್ರ್ಯಾಕ್‌ನಲ್ಲಿ ಉಂಗುರ ಮಾತ್ರ ಉಳಿದಿದೆ. ಮಗಳಿಗೆ ಕೊಡುವ ತುಂಡನ್ನು ಮುರಿದು ನೋಡಿ ಕೊಡಿ.

ಮಗು ಹೆದರುತ್ತಾಳಾ ಅಂದಿರಿ. ಕತ್ತಲಾದ ಮೇಲೆ ದೊಡ್ಡ ಹುಡುಗರು ವಿಕಾರ ಮುಖವಾಡ ಹಾಕಿಕೊಂಡು ಬರುತ್ತಾರೆ, ಅದಕ್ಕೆ ಹೆದರಬಹುದು. ಗಡಿಯಾರ ಅಕ್ಟೋಬರಿನ ಕೊನೆಯ ಭಾನುವಾರವೇ ಒಂದು ಗಂಟೆ ಹಿಂದೆ ಹೋಗಿರುತ್ತದೆ, ಹಾಗಾಗಿ ಸಂಜೆ ಐದಕ್ಕೆಲ್ಲ ಕತ್ತಲು. ಚಿಕ್ಕ ಮಕ್ಕಳ ತಂಡ ವೇಷ ಹಾಕಿಕೊಂಡು ಮನೆಮನೆಗೆ ತಿಂಡಿ ಕೇಳಲು ಬೇಗ ಹೊರಡುತ್ತದೆ, ಅವರ ಜೊತೆ ನಾಲ್ಕು ಮನೆ ಸುತ್ತಿಸಿ ಕರೆದುಕೊಂಡು ಬನ್ನಿ. ಆ ಮೇಲೆ ಮನೆಯೊಳಗಿನ ಆಟಗಳಿವೆ. ದಾರಕ್ಕೆ ಸೇಬು ಕಟ್ಟಿ ನೇತುಹಾಕಿ, ಕೈ ಮುಟ್ಟಿಸದೆ ಕಚ್ಚಬೇಕು. ನಮ್ಮ ಹುಡುಗನಿಗೆ ಇಡೀ ವರ್ಷ ಅದೇ ಕನವರಿಕೆ.

ನಿಮ್ಮ ಮನೆ ಬಾಗಿಲಿಗೂ ಮಕ್ಕಳು ಬರುತ್ತಾರೆ, ಮರೆಯಬೇಡಿ. ನಮಗೆ ಮೊದಲ ವರ್ಷ ಗೊತ್ತೇ ಇರಲಿಲ್ಲ. ಬೆಲ್ಲಾಯಿತು. ಬಾಗಿಲು ತೆಗೆದರೆ ಆರು ಮಾಟಗಾತಿಯರು, ಒಬ್ಬ ಬಾಳೆಹಣ್ಣು. ‘ಹೆಲ್ಪ್ ದ ಹ್ಯಾಲೋವೀನ್ ಪಾರ್ಟಿ!’ ಎಂದು ಕೂಗಿದರು. ಮನೆಯಲ್ಲಿ ಚಾಕೊಲೇಟ್ ಇಲ್ಲ. ಊರಿಂದ ತಂದ ಕೋಡುಬಳೆ ಡಬ್ಬಿ ಇತ್ತು, ಎಲ್ಲರ ಚೀಲಕ್ಕೂ ಎರಡೆರಡು ಹಾಕಿದೆ. ಮಾಟಗಾತಿಯರು ಮುಖ ಮುಖ ನೋಡಿಕೊಂಡರು. ಬಾಳೆಹಣ್ಣು ಮಾತ್ರ ಹತ್ತು ನಿಮಿಷ ಬಿಟ್ಟು ಒಬ್ಬನೇ ವಾಪಸು ಬಂತು. ಇನ್ನು ಯಾರೂ ಬರುವುದೇ ಬೇಡ ಅಂದುಕೊಂಡು ಲೈಟ್ ಆರಿಸಿ ಒಳಗೆ ಕೂತೆವು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನಾಚಿಕೆ. ಇಲ್ಲಿ ಲೈಟ್ ಆರಿಸಿದ ಮನೆ ಅಂದರೆ ‘ಬರಬೇಡಿ’ ಅಂತ.

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಂದಿತ್ತು. ಹೊಸಿಲ ಮುಂದೆ ಸಾಲಾಗಿ ದೀಪ ಇಟ್ಟೆವು. ಇಡೀ ಬೀದಿಗೆ ನಮ್ಮ ಮನೆಯದ್ದೇ ಒಳ್ಳೇ ಅಲಂಕಾರ ಎಂದು ಮಕ್ಕಳೆಲ್ಲ ತೀರ್ಪು ಕೊಟ್ಟರು. ಪಟಾಕಿ ಮಾತ್ರ ಹಚ್ಚಲು ಹೋಗಬೇಡಿ. ಸುರುಸುರುಬತ್ತಿಯಂಥದ್ದು ಬಿಟ್ಟರೆ ಇಲ್ಲಿ ಜನಸಾಮಾನ್ಯರು ಪಟಾಕಿ ಇಟ್ಟುಕೊಳ್ಳುವುದೂ ಅಪರಾಧ. ಆ ರಾತ್ರಿ ಢಂ ಢಂ ಸದ್ದು ಕೇಳಿಸುತ್ತದೆ ನಿಜ. ಅದು ಕದ್ದುಮುಚ್ಚಿ ತಂದವರ ಕೆಲಸ.

ಏನು ಒಯ್ಯುವುದು? ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಒಯ್ಯಿರಿ. ತಮಾಷೆಯಲ್ಲ. ಇಲ್ಲಿನವರು ಅದಕ್ಕೆ ‘ಮಂಕಿ ನಟ್ಸ್’ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಹ್ಯಾಲೋವೀನ್ ಚೀಲದ ತುಂಬ ಬರೀ ಅದೇ ಇರುತ್ತಿತ್ತು ಎಂದು ನಲವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಈಗಿನ ಮಕ್ಕಳು ಮೂಸಿಯೂ ನೋಡುವುದಿಲ್ಲ. ಆ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದೆಯಾ ಎಂದು ಮೊದಲು ಕೇಳಿ, ಇದ್ದರೆ ಸೇಬು ಒಯ್ಯಿರಿ. ನಾನು ಒಯ್ದಾಗ ಅಜ್ಜಿ ಚೀಲ ಬಿಚ್ಚಿ ನೋಡಿ, ಒಂದೂ ಮಾತಾಡದೆ ಒಲೆ ಪಕ್ಕ ಕುರ್ಚಿ ಎಳೆದುಕೊಂಡು ಸುಲಿಯಲು ಕೂತರು. ಅತ್ತೆ ಎದುರಿಗೆ ಕೂತರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಒಂದು ಗಂಟೆಯಲ್ಲಿ ಒಂದು ಕಿಲೋ ಮುಗಿಯಿತು.

ಅಂದಹಾಗೆ ಆ ರಾತ್ರಿ ಉಂಗುರ ಸಿಕ್ಕಿದ್ದು ಅತ್ತೆಗೆ. ವಯಸ್ಸು ಎಪ್ಪತ್ತೊಂದು. ಅರ್ಥ ಹೇಳಿದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ಅಲ್ಲೇ ಬಿಟ್ಟು ಬಂದಿರಬಹುದು ಅಂದುಕೊಂಡಿದ್ದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದರೆ, ತುಮಕೂರಿನ ಮನೆಯ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟುಕೊಂಡಿದ್ದಾರೆ.