ಸೇದಿದ್ದು ಬೈ ಟೂ, ಬಿಡೋದು ಮಾತ್ರ ಒಬ್ಬರೇ?

ವಿಜಯನಗರದ ಓದುಗರೊಬ್ಬರ ಪತ್ರ: "ಹದಿನೆಂಟು ವರ್ಷ ಸಿಗರೇಟ್ ಸೇದಿದೆ. ಯುಗಾದಿಗೆ ಬಿಟ್ಟೆ. ಇದು ನಾಲ್ಕನೇ ಸಲ. ಮನೆಯಲ್ಲಿ ಹೇಳಿಲ್ಲ, ಮತ್ತೆ ಶುರುವಾದರೆ ಮರ್ಯಾದೆ ಹೋಗುತ್ತೆ. ಒಬ್ಬ ಗೆಳೆಯನಿಗೆ ಗೊತ್ತು. ಅವನು ನಿಮ್ಹಾನ್ಸ್‌ಗೆ ಫೋನ್ ಮಾಡು ಅಂತಾನೆ. ನನಗೇನು ಹುಚ್ಚಾ? ಮನಸ್ಸು ಗಟ್ಟಿ ಇದ್ದರೆ ಸಾಲದೇ? ದಯವಿಟ್ಟು ಹೆಸರು ಹಾಕಬೇಡಿ."

ಸ್ವಾಮಿ, ಮೊದಲು ಶಹಬ್ಬಾಸ್. ಮನಸ್ಸು ಗಟ್ಟಿ ಮಾಡಿ ಒಬ್ಬರೇ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಾಲ್ಕನೇ ಸಲ ಅಂತ ನೀವೇ ಬರೆದಿದ್ದೀರಿ. ಹಿಂದಿನ ಮೂರು ಸಲ ಮನಸ್ಸು ಮೆತ್ತಗಿತ್ತಾ?

ನಿಮ್ಮ ಮೊದಲ ಸಿಗರೇಟ್ ನೆನಪು ಮಾಡಿಕೊಳ್ಳಿ. ಯಾರೋ ಕೊಟ್ಟಿರ್ತಾರೆ, ಇನ್ಯಾರೋ ಕಡ್ಡಿ ಗೀರಿರ್ತಾರೆ, ನೀವು ಕೆಮ್ಮಿದಾಗ ನಾಲ್ಕು ಜನ ನಕ್ಕಿರ್ತಾರೆ. ನನ್ನದು ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲಿ. ಕಾಫಿ ಬೈ ಟೂ, ಸಿಗರೇಟೂ ಬೈ ಟೂ. ಹಿಡಿಸೋಕೆ ಅಷ್ಟು ಜನ ಬೇಕಾಯಿತು, ಬಿಡಿಸೋಕೆ ಒಬ್ಬರೂ ಬೇಡವೇ?

ನಾನೂ ಎರಡು ಸಲ ಗುಟ್ಟಾಗಿ ಬಿಟ್ಟಿದ್ದೆ. ಗುಟ್ಟಾಗಿ ಬಿಡೋದರಲ್ಲಿ ಒಂದು ಅನುಕೂಲ ಇದೆ. ಮತ್ತೆ ಸೇದಿದರೂ ಯಾರಿಗೂ ಗೊತ್ತಾಗಲ್ಲ! ಮೂರನೇ ಸಲ ನಮ್ಮಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿಗೆ ಹೇಳಿಬಿಟ್ಟೆ. ಅವರು ಬುದ್ಧಿ ಹೇಳಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಕೈ ಜೇಬು ತಡಕುವ ಹೊತ್ತಿಗೆ ಸರಿಯಾಗಿ ಬಂದು, ಮೇಜಿನ ಮೇಲೆ ಒಂದು ಬೊಗಸೆ ಕಡಲೆಕಾಯಿ ಸುರಿದು, "ಸುಲೀರಿ" ಅಂತ ಎದುರಿಗೆ ಕೂತುಬಿಡುತ್ತಿದ್ದರು. ಸೇದಬೇಕೆಂಬ ಚಡಪಡಿಕೆ ಎದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷ. ಸಿಪ್ಪೆ ರಾಶಿಯಾಗುವುದರೊಳಗೆ ತಣ್ಣಗಾಗುತ್ತಿತ್ತು. ಮೊದಲ ವಾರ ಅವರ ಮೇಲೇ ರೇಗಿದ್ದೂ ಉಂಟು. ನಿಕೋಟಿನ್ ಬಿಟ್ಟ ಶುರುವಿನ ದಿನಗಳಲ್ಲಿ ಸಿಡುಕು ಜಾಸ್ತಿ, ನಿದ್ದೆಯೂ ಕೆಡುತ್ತೆ. ನೀವು ಹೇಳದೇ ಇದ್ದರೆ ಮನೆಯವರು ಪಾಪ, ತಾವೇನು ತಪ್ಪು ಮಾಡಿದೆವೋ ಅಂತ ಕೊರಗುತ್ತಿರುತ್ತಾರೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 12,000ಕ್ಕೂ ಜಾಸ್ತಿ ಜನರ ಬಗ್ಗೆ 1971ರಿಂದ 2003ರವರೆಗೆ ಕೂಡಿಟ್ಟ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಗಂಡ ಹೆಂಡತಿಯಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ಇಳಿಯುತ್ತಿತ್ತು. ಗೆಳೆಯ ಬಿಟ್ಟರೆ ಶೇ. 36ರಷ್ಟು. ಅಲ್ಲಿಯವರೂ ಗುಂಪು ಗುಂಪಾಗಿಯೇ ಬಿಟ್ಟಿದ್ದಾರೆ.

ಇನ್ನು "ನನಗೇನು ಹುಚ್ಚಾ" ಅಂದಿರಲ್ಲ, ಅದು ಬೇಸರ ತಂತು. ನಿಮ್ಹಾನ್ಸ್ ಅಂದ ಕೂಡಲೇ ಮುಖ ಸಿಂಡರಿಸೋದನ್ನು ಈ ಊರು ಇನ್ನೂ ಬಿಟ್ಟಿಲ್ಲ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ಒಂದು ಕೇಂದ್ರ ಅಲ್ಲೇ ಇದೆ. ನಂಬರ್ 1800-11-2356. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2018ರಿಂದ ಆ ನಂಬರ್ ಸಿಗರೇಟ್ ಪ್ಯಾಕಿನ ಮೇಲೇ ಇದೆ. ಹದಿನೆಂಟು ವರ್ಷ ಸೇದಿದ ನೀವು ನೋಡಿಲ್ಲವೇ? ಹೇಗೆ ನೋಡ್ತೀರಿ! ನಾವೆಲ್ಲ ಕೊಳ್ಳೋದು ಬಿಡಿಯಾಗಿ, ಒಂದೊಂದೇ. ಪ್ಯಾಕು ಅಂಗಡಿಯವನ ಹತ್ತಿರವೇ ಉಳಿಯುತ್ತೆ. ನಮ್ಮ ರಾಜ್ಯದಲ್ಲಿ ಬಿಡಿ ಸಿಗರೇಟ್ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 2025ರಲ್ಲಿ 1,000 ಆಯಿತು. ಆದರೂ ಟೀ ಅಂಗಡಿ ಮುಂದೆ ಲೈಟರ್ ದಾರಕ್ಕೆ ಕಟ್ಟಿಕೊಂಡು ನೇತಾಡುತ್ತಲೇ ಇದೆ. ಆಫೀಸಿನ ಹುಡುಗರು ಸುಮ್ನೆ ಐದು ನಿಮಿಷ ಹೊರಗೆ ನಿಂತು ಮಾತಾಡಬೇಕು ಅಂದರೂ ಅದರಡಿಯಲ್ಲೇ ನಿಲ್ಲಬೇಕು. ಒಂದು ಬೆಂಚಿಲ್ಲ, ನೆಟ್ಟಗೆ ಒಂದು ಫುಟ್‌ಪಾತಿಲ್ಲ.

ಹಿಂದೆ ವಠಾರದಲ್ಲಿ ಹಿತ್ತಲಲ್ಲಿ ಹೊಗೆ ಎದ್ದರೆ ಮೂರನೇ ಮನೆ ಅಜ್ಜಿಗೆ ಗೊತ್ತಾಗುತ್ತಿತ್ತು. ಆಗ ಅದು ಕಾಟ ಅನಿಸುತ್ತಿತ್ತು. ಈಗಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರೂ ಗೊತ್ತಿರಲ್ಲ. ಬೈಯೋಕಾದರೂ ಯಾರಿದ್ದಾರೆ?

ಅಂದ ಹಾಗೆ, ನೀವು ಹೇಳಿದಂತೆ ಹೆಸರು ಹಾಕಿಲ್ಲ. ಬದಲಿಗೆ ಈ ಪುಟ ಮಡಿಸಿ ಮನೆಯ ಟೀಪಾಯಿ ಮೇಲೆ ಇಡಿ. ಯಾರ ಪತ್ರ ಇದು ಅಂತ ನಿಮ್ಮ ಮನೆಯವರು ಕೇಳಿದರೆ ಏನು ಹೇಳಿದಿರಿ ಅಂತ ನನಗೆ ಬರೆಯಿರಿ.